ಒಬ್ಬರ ಹೆಗಲ ಮೇಲೆ ಬಿಡಬೇಡಿ: ಓಪನ್ ಸೋರ್ಸ್ ಸಮುದಾಯಗಳಲ್ಲಿ ಸಮಿತಿ ಮಾಡಬೇಕಾದ ಕೆಲಸ



ತಂತ್ರಾಂಶದ ಸಮ್ಮೇಳನದಲ್ಲಿ ಮುಖ್ಯ ಭಾಷಣಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಯಾಕೆ ಎಂದು ನಿಮ್ಮಲ್ಲಿ ಹಲವರು ಅಂದುಕೊಂಡಿರಬಹುದು. ನಾನೂ ಸಂಘಟಕರನ್ನು ಅದನ್ನೇ ಕೇಳಿದೆ. "ಕೋಡ್ ಬರೆಯುವವರು ಸಭಾಂಗಣದ ತುಂಬ ಇರುತ್ತಾರೆ ಸರ್, ಸಮಿತಿ ನಡೆಸುವುದು ಹೇಗೆ ಅಂತ ಹೇಳುವವರು ಯಾರೂ ಇಲ್ಲ" ಎಂದರು. ಹಾಗಾಗಿ ಬಂದಿದ್ದೇನೆ.

ನನಗೆ ಕೋಡ್ ಬರೆಯಲು ಬರುವುದಿಲ್ಲ. ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್ ಮಾಡುವಾಗ ನಾನು ಕಲಿತ ಮೊದಲ ಪಾಠ ವೋಚರ್ ನೋಡುವುದು. ಇದನ್ನು ಬರೆದವರು ಯಾರು, ಒಪ್ಪಿದವರು ಯಾರು? ಎರಡು ಕಡೆಯೂ ಒಂದೇ ಸಹಿ ಇದ್ದರೆ, ಮೊತ್ತ ಪೈಸೆಗೆ ಪೈಸೆ ಸರಿಯಿದ್ದರೂ ನಮ್ಮ ಸೀನಿಯರ್ ಪಕ್ಕದಲ್ಲಿ ಕೆಂಪು ಗುರುತು ಹಾಕುತ್ತಿದ್ದರು. ಇಲ್ಲಿ ಜರ್ಮನಿಯಲ್ಲಿ ಇದನ್ನು 'ಫೀರ್ ಔಗನ್ ಪ್ರಿನ್ಸಿಪ್' ಎನ್ನುತ್ತಾರೆ, ನಾಲ್ಕು ಕಣ್ಣಿನ ನಿಯಮ. ಕೆಲವು ವರ್ಷಗಳಿಂದ ಒಂದು ಸಣ್ಣ ಓಪನ್ ಸೋರ್ಸ್ ಸಮುದಾಯದ ಲೆಕ್ಕಪತ್ರ ನೋಡುವ ಸ್ವಯಂಸೇವಕನೂ ಆಗಿದ್ದೇನೆ. ಅವರ ಸಮಿತಿ ಸಭೆಗಳಲ್ಲಿ ಮೂಲೆಯಲ್ಲಿ ಕೂತು ಕೇಳಿದ್ದರಿಂದ ಹುಟ್ಟಿದ ಮಾತುಗಳು ಇವು.

ನಾನು ಹೇಳಬೇಕಾದದ್ದು ಒಂದೇ ವಿಷಯ. ಓಪನ್ ಸೋರ್ಸ್‌ನಲ್ಲಿ ಗುಣಮಟ್ಟ ಕೆಡುವುದು ಬರೆಯುವವರಿಗೆ ಬುದ್ಧಿ ಸಾಲದೆ ಅಲ್ಲ. ಯಾವುದೋ ಒಂದು ಮುಖ್ಯ ಕೆಲಸ ಒಬ್ಬರ ಹೆಗಲ ಮೇಲೆ ಬಿದ್ದಿರುತ್ತದೆ, ಅದು ಬಿದ್ದಿದೆ ಎಂದು ಉಳಿದವರಿಗೆ ಗೊತ್ತಿರುವುದಿಲ್ಲ. ಅಂಥ ಜಾಗಗಳನ್ನು ಹುಡುಕಿ ಅಲ್ಲಿಗೆ ಎರಡನೆಯವರನ್ನು ಕಳಿಸುವುದು ಆಡಳಿತ ಸಮಿತಿಯ ಮೊದಲ ಕೆಲಸ. ಕೋಡ್ ಓದುವುದು ಅದರ ಕೆಲಸವಲ್ಲ.

ಮೊದಲು ನಿಮಗೆಲ್ಲ ಗೊತ್ತಿರುವ ಹಾರ್ಟ್‌ಬ್ಲೀಡ್ ನೋಡೋಣ. 2014ರ ಏಪ್ರಿಲ್ 7ರಂದು ಆ ದೋಷ ಬಹಿರಂಗವಾಯಿತು. ಬ್ಯಾಂಕಿನ ಜಾಲತಾಣ ತೆರೆದಾಗ ಕಾಣುವ ಬೀಗದ ಗುರುತಿನ ಹಿಂದೆ ದುಡಿಯುವ ತಂತ್ರಾಂಶಗಳಲ್ಲಿ ಓಪನ್‌ಎಸ್‌ಎಸ್‌ಎಲ್ ಮುಖ್ಯವಾದದ್ದು. ಎದುರಿನ ಕಂಪ್ಯೂಟರ್ "ಇಷ್ಟು ಅಕ್ಷರ ಕಳಿಸಿದ್ದೇನೆ, ಅಷ್ಟನ್ನೇ ವಾಪಸ್ ಕಳಿಸು" ಎಂದಾಗ, ನಿಜಕ್ಕೂ ಅಷ್ಟು ಬಂದಿದೆಯೇ ಎಂದು ನೋಡುವ ತಪಾಸಣೆ ಅದರಲ್ಲಿ ಬಿಟ್ಟುಹೋಗಿತ್ತು. ಕೇಳಿದಷ್ಟು ಕೊಡಲು ಹೋಗಿ ಸರ್ವರ್ ತನ್ನ ಮೆಮೊರಿಯಲ್ಲಿದ್ದ ಪಾಸ್‌ವರ್ಡು, ಗುಟ್ಟಿನ ಕೀಲಿಗಳನ್ನೂ ಸುರಿಯುತ್ತಿತ್ತು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಚೀಟಿಯಲ್ಲಿ ಬರೆದ ಮೊತ್ತ ನೋಡಿ ಕ್ಯಾಷಿಯರ್ ಹಣ ಎಣಿಸಿ ಕೊಟ್ಟ, ಖಾತೆಯಲ್ಲಿ ಅಷ್ಟಿದೆಯೇ ಎಂದು ನೋಡಲಿಲ್ಲ. ಕೆನಡಾದ ತೆರಿಗೆ ಇಲಾಖೆ ರಿಟರ್ನ್ ಸಲ್ಲಿಸುವ ಕಾಲದಲ್ಲೇ ಆನ್‌ಲೈನ್ ಸೇವೆ ನಿಲ್ಲಿಸಬೇಕಾಯಿತು. ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆಗಳು ಕಳವಾದವು.

ಆ ಕೋಡ್ ಸೇರಿದ್ದು 2011ರ ಡಿಸೆಂಬರ್ 31ರಂದು. ಬರೆದವರು ಜರ್ಮನಿಯಲ್ಲೇ ಸಂಶೋಧನೆ ಮಾಡುತ್ತಿದ್ದ ಸ್ವಯಂಸೇವಕರು. ಯೋಜನೆಯ ಸದಸ್ಯರೊಬ್ಬರು ಪರಿಶೀಲಿಸಿದ್ದರು. ಗಮನಿಸಿ, ನಾಲ್ಕು ಕಣ್ಣುಗಳು ಇದ್ದವು. ಆದರೂ ಲೋಪ ಕಾಣಲಿಲ್ಲ; ಮುಂದಿನ ಎರಡು ವರ್ಷ ಜಗತ್ತಿನ ಉಳಿದ ಕಣ್ಣುಗಳಿಗೂ ಕಾಣಲಿಲ್ಲ. ಕೋಡ್ ತೆರೆದಿಟ್ಟರೆ ಸಾಕು, ನೂರಾರು ಜನ ನೋಡುತ್ತಾರೆ ಎಂಬ ನಂಬಿಕೆ ನಿಮ್ಮಲ್ಲಿ ಹಳೆಯದು. ನೋಡಬಹುದು ಎನ್ನುವುದಕ್ಕೂ ನೋಡಿದ್ದಾರೆ ಎನ್ನುವುದಕ್ಕೂ ಇರುವ ದೂರವನ್ನು ಅಳೆಯುವುದೇ ಆಡಿಟರ್ ಕೆಲಸ.

ಆ ಹೊತ್ತಿಗೆ ಓಪನ್‌ಎಸ್‌ಎಸ್‌ಎಲ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್. ಪೂರ್ಣಾವಧಿ ದುಡಿಯುತ್ತಿದ್ದವರು ಒಬ್ಬರು. ಪರಿಶೀಲಿಸುವವರ ಮೇಜಿನ ಮೇಲೆ ಎಷ್ಟು ಕಡತ ಬಿದ್ದಿವೆ ಎಂದು ನೋಡುವ ಹೊಣೆ ಯಾರದ್ದಾಗಿತ್ತು? ಯಾರದ್ದೂ ಅಲ್ಲ. ದೋಷ ಬಯಲಾದ ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ದೊಡ್ಡ ಕಂಪನಿಗಳಿಂದ ಹಣ ಸೇರಿಸಿ ಇಂಥ ಯೋಜನೆಗಳಿಗೆಂದೇ ನಿಧಿಯೊಂದನ್ನು ಶುರುಮಾಡಿತು. ಓಪನ್‌ಎಸ್‌ಎಸ್‌ಎಲ್‌ಗೆ ಸಂಬಳದ ಡೆವಲಪರ್‌ಗಳು ಬಂದರು. ಭದ್ರತಾ ನೀತಿ, ರಿಲೀಸ್ ನೀತಿಗಳನ್ನು ಬರೆದು ಪ್ರಕಟಿಸಿದರು. ಮುಂದಿನ ವರ್ಷಗಳಲ್ಲಿ ಆಡಳಿತಕ್ಕೆ ಒಂದು, ತಾಂತ್ರಿಕ ವಿಷಯಕ್ಕೆ ಒಂದು ಎಂದು ಎರಡು ಸಮಿತಿಗಳಾದವು. ಹಣ ಬಂದದ್ದು ಒಳ್ಳೆಯದೇ. ಆದರೆ ಆ ಹಣ ಎಲ್ಲಿಗೆ ಹೋಗಬೇಕು ಎಂದು ಹೇಳಲು ಸಮಿತಿ ಬೇಕಿತ್ತು.

ಸಮಿತಿ ಹೇಗಿರಬೇಕು ಎಂಬುದಕ್ಕೆ 1999ರಲ್ಲಿ ಹುಟ್ಟಿದ ಅಪಾಚೆ ಫೌಂಡೇಶನ್ ನನಗೆ ಇಷ್ಟವಾದ ಉದಾಹರಣೆ. ಅಲ್ಲಿ ಪ್ರತಿ ಯೋಜನೆಗೂ ಒಂದು ನಿರ್ವಹಣಾ ಸಮಿತಿ. ಒಂದು ರಿಲೀಸ್ ಹೊರಗೆ ಹೋಗಬೇಕಾದರೆ ಸಮಿತಿಯ ಕನಿಷ್ಠ ಮೂವರು ಒಪ್ಪಿ ಮತ ಹಾಕಬೇಕು. ವಿರೋಧಕ್ಕಿಂತ ಒಪ್ಪಿಗೆ ಹೆಚ್ಚಿರಬೇಕು. ಕೋಡ್ ಬದಲಾವಣೆಯನ್ನು ಒಬ್ಬ ಸದಸ್ಯರು ತಡೆಯಬಹುದು, ಆದರೆ ತಾಂತ್ರಿಕ ಕಾರಣ ಕೊಡಲೇಬೇಕು. "ನನಗೆ ಇಷ್ಟವಿಲ್ಲ" ಎಂಬುದು ಕಾರಣವಲ್ಲ. ಮೂರು ತಿಂಗಳಿಗೊಮ್ಮೆ ಪ್ರತಿ ಯೋಜನೆಯೂ ಫೌಂಡೇಶನ್ನಿನ ಮಂಡಳಿಗೆ ವರದಿ ಕೊಡಬೇಕು. ಕೆಲಸ ಮಾಡುವ ಮೂವರು ಸದಸ್ಯರೂ ಉಳಿಯದಿದ್ದರೆ ಆ ಯೋಜನೆಯನ್ನು 'ಆಟಿಕ್' ಎಂಬ ಕಡೆಗೆ ಸರಿಸುತ್ತಾರೆ. ನಮ್ಮ ಮನೆಗಳ ಅಟ್ಟ ಇದ್ದ ಹಾಗೆ. ಕೋಡ್ ಅಲ್ಲೇ ಇರುತ್ತದೆ, ಬೇಕಾದವರು ಇಳಿಸಿಕೊಳ್ಳಬಹುದು. ಆದರೆ ಇದನ್ನು ನೋಡಿಕೊಳ್ಳುವವರು ಇಲ್ಲ ಎಂದು ಬಾಗಿಲಿಗೆ ಬರೆದಿರುತ್ತದೆ. ಕಂಪನಿಯ ಲೆಕ್ಕ ನೋಡುವಾಗ, ಇನ್ನೊಂದು ವರ್ಷ ಈ ಅಂಗಡಿ ನಡೆಯುತ್ತದೆಯೇ ಎಂದು ನಾವು ಕೇಳಲೇಬೇಕು. ಅಪಾಚೆಯವರು ತಮ್ಮ ಯೋಜನೆಗಳ ಬಗ್ಗೆ ಅದನ್ನೇ ಕೇಳಿಕೊಳ್ಳುತ್ತಾರೆ. ಸತ್ತ ಯೋಜನೆಯನ್ನು ಬದುಕಿದೆ ಎಂದು ತೋರಿಸದಿರುವುದೂ ಗುಣಮಟ್ಟವೇ.

ಹಾಗಾದರೆ ಸಮಿತಿಯಿದ್ದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. 2021ರ ಡಿಸೆಂಬರ್‌ನಲ್ಲಿ ಜಗತ್ತಿನ ನಿದ್ದೆಗೆಡಿಸಿದ ಲಾಗ್‌ಫೋರ್‌ಜೆ ಅಪಾಚೆಯದ್ದೇ ಯೋಜನೆ. ಸಮಿತಿ ಇತ್ತು, ಮತದಾನ ಇತ್ತು. ತೊಂದರೆಯ ಸೌಲಭ್ಯ 2013ರಲ್ಲೇ ಸೇರಿ ಎಂಟು ವರ್ಷ ಅಲ್ಲೇ ಕೂತಿತ್ತು. ಹೊಸದಾಗಿ ಬರುವುದನ್ನು ಒಪ್ಪುವ ಕ್ರಮ ಇದ್ದರೂ, ಒಳಗೆ ಆಗಲೇ ಇರುವುದು ಇನ್ನೂ ಬೇಕೇ ಎಂದು ಕೇಳುವ ಕ್ರಮ ಬೇರೆ ಬೇಕು. ನಾವು ಪ್ರತಿ ವರ್ಷ ಸ್ಥಿರಾಸ್ತಿಗಳ ಪಟ್ಟಿ ಹಿಡಿದು ಗೋದಾಮಿಗೆ ಹೋಗುತ್ತೇವೆ. ಈ ಯಂತ್ರ ಇದೆಯೇ, ಓಡುತ್ತದೆಯೇ, ಯಾರಾದರೂ ಬಳಸುತ್ತಾರೆಯೇ? ಕೋಡ್‌ಗೂ ಇಂಥ ದಾಸ್ತಾನು ಪರಿಶೀಲನೆ ಬೇಕು. ಇನ್ನೊಂದು ಮುಖವನ್ನೂ ಹೇಳಬೇಕು. ದೋಷ ಬಯಲಾದ ಮೇಲೆ ಸ್ವಯಂಸೇವಕರೇ ಹೆಚ್ಚಿದ್ದ ಆ ತಂಡ ಡಿಸೆಂಬರ್ ಮುಗಿಯುವುದರೊಳಗೆ ಸರಣಿ ತಿದ್ದುಪಡಿಗಳನ್ನು ಬಿಟ್ಟಿತು. ಯಾರನ್ನು ಕೇಳಬೇಕು, ಯಾರು ರಿಲೀಸ್ ಮಾಡಬೇಕು ಎಂಬುದು ಮೊದಲೇ ತೀರ್ಮಾನವಾಗಿದ್ದರಿಂದ ಅದು ಸಾಧ್ಯವಾಯಿತು.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು 2024ರ ಎಕ್ಸ್‌ಝಡ್ ಪ್ರಕರಣ. ಕಡತಗಳನ್ನು ಕುಗ್ಗಿಸುವ ಆ ಪುಟ್ಟ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ಯಂತ್ರಗಳಲ್ಲೂ ಇದೆ. ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಸಂಬಳವಿಲ್ಲದೆ. ಜಿಯಾ ಟ್ಯಾನ್ ಎಂಬ ಹೆಸರಿನಲ್ಲಿ ಯಾರೋ ಬಂದು ಎರಡು ವರ್ಷಕ್ಕೂ ಹೆಚ್ಚು ಕಾಲ ಅಚ್ಚುಕಟ್ಟಾಗಿ ಸಹಾಯ ಮಾಡಿದರು. ಅದೇ ಕಾಲದಲ್ಲಿ ಬೇರೆ ಹೆಸರುಗಳಿಂದ ಆ ನಿರ್ವಾಹಕರಿಗೆ ಒತ್ತಡ ಬಂತು: ಕೆಲಸ ನಿಧಾನ, ಇನ್ನೊಬ್ಬರಿಗೆ ಅಧಿಕಾರ ಕೊಡಿ. ಕೊನೆಗೆ ಕೊಟ್ಟರು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಆ ಅಧಿಕಾರ ಪಡೆದವರೇ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇಟ್ಟರು. ಪೋಸ್ಟ್‌ಗ್ರೆಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯಿಂಡ್ ಅವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಅನಿಸಿ, ಬೆನ್ನುಹತ್ತಿ, ಮಾರ್ಚ್ 29ರಂದು ಬಹಿರಂಗಪಡಿಸಿದರು. ಅರ್ಧ ಸೆಕೆಂಡು! ಅವರು ಸುಮ್ಮನಾಗಿದ್ದರೆ ಎಷ್ಟು ಸರ್ವರ್‌ಗಳ ಒಳಗೆ ಅದು ಸೇರುತ್ತಿತ್ತೋ.

ಇಲ್ಲಿ ಎರಡು ವಿಷಯ ಗಮನಿಸಿ. ಕಳ್ಳಬಾಗಿಲನ್ನು ಎಬ್ಬಿಸುವ ತುಣುಕು ರಿಲೀಸ್ ಪ್ಯಾಕೇಜಿನಲ್ಲಿ ಮಾತ್ರ ಇತ್ತು, ಎಲ್ಲರೂ ನೋಡುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಕ್ಯಾಷ್ ಬುಕ್ ಒಂದು ಹೇಳುತ್ತದೆ, ಬ್ಯಾಂಕಿನ ಸ್ಟೇಟ್‌ಮೆಂಟ್ ಇನ್ನೊಂದು ಹೇಳುತ್ತದೆ. ಎರಡನ್ನೂ ತಾಳೆ ನೋಡುವುದು ಅಕೌಂಟ್ಸ್ ವಿಭಾಗಕ್ಕೆ ಸೇರಿದ ಹೊಸ ಹುಡುಗರಿಗೆ ನಾವು ಕೊಡುವ ಮೊದಲ ಕೆಲಸ. ಕೋಡ್‌ನಿಂದ ಮತ್ತೆ ಕಟ್ಟಿ ನೋಡಿದರೆ ಅದೇ ಪ್ಯಾಕೇಜ್ ಬರುತ್ತದೆಯೇ ಎಂದು ತಾಳೆ ನೋಡುವ ಕೆಲಸ ಡೆಬಿಯನ್‌ನಲ್ಲಿ ವರ್ಷಗಳಿಂದ ನಡೆಯುತ್ತಿದೆ. ಪ್ರತಿ ಸಮಿತಿಯೂ ತನ್ನ ಯೋಜನೆಯಲ್ಲಿ ಇದನ್ನು ಕಡ್ಡಾಯ ಮಾಡಬಹುದು. ಎರಡನೆಯದು, ಮೋಸಗಾರರು ಹುಡುಕಿದ್ದು ಕೋಡ್‌ನ ದೌರ್ಬಲ್ಯವನ್ನಲ್ಲ, ಒಬ್ಬ ಮನುಷ್ಯನ ದಣಿವನ್ನು. ಆ ಒತ್ತಡದ ಪತ್ರಗಳು ಒಂದು ಸಮಿತಿಗೆ ಬಂದಿದ್ದರೆ, ಮೂವರಲ್ಲಿ ಒಬ್ಬರಾದರೂ "ಇವರು ಯಾರು, ಇಷ್ಟು ಅವಸರ ಯಾಕೆ" ಎನ್ನುತ್ತಿದ್ದರೋ ಏನೋ.

ಇನ್ನು ಒಬ್ಬರ ಕೈಯಿಂದ ಹಲವರ ಕೈಗೆ ಅಧಿಕಾರ ಸರಿಯಾಗಿ ದಾಟಿದ ಕತೆ. ಪೈಥಾನ್ ಭಾಷೆಯನ್ನು ಹುಟ್ಟಿಸಿದ ಗೀಡೊ ವಾನ್ ರೋಸಮ್ ದಶಕಗಳ ಕಾಲ ಅದರ ಕೊನೆಯ ಮಾತು. 2018ರ ಜುಲೈ 12ರಂದು, ಒಂದು ಸಣ್ಣ ವ್ಯಾಕರಣ ಚಿಹ್ನೆಯ ಬಗ್ಗೆ ನಡೆದ ದೊಡ್ಡ ಜಗಳದ ನಂತರ, ಅವರು ಆ ಸ್ಥಾನ ಬಿಟ್ಟರು. ಉತ್ತರಾಧಿಕಾರಿಯ ಹೆಸರು ಹೇಳಲಿಲ್ಲ. ಯೋಜನೆಯ ಸದಸ್ಯರು ಏಳು ಆಡಳಿತ ಮಾದರಿಗಳನ್ನು ಬರೆದು, ಚರ್ಚಿಸಿ, ಡಿಸೆಂಬರ್‌ನಲ್ಲಿ ಮತ ಹಾಕಿ, ಐವರ ಸ್ಟೀರಿಂಗ್ ಕೌನ್ಸಿಲ್ ಆರಿಸಿಕೊಂಡರು. 2019ರ ಆರಂಭದಲ್ಲಿ ಮೊದಲ ಚುನಾವಣೆ ನಡೆಯಿತು.

ಅವರ ನಿಯಮಾವಳಿ ಓದಿದಾಗ ಯಾರೋ ನಮ್ಮ ಕಡೆಯವರು ಬರೆದಂತಿದೆ ಎನಿಸಿತು. ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಕೌನ್ಸಿಲ್‌ನಲ್ಲಿ ಇರುವಂತಿಲ್ಲ. ಪ್ರತಿ ಮುಖ್ಯ ರಿಲೀಸ್ ಆದ ಮೇಲೆ ಹೊಸ ಚುನಾವಣೆ. ಭಾಷೆಯ ಗುಣಮಟ್ಟ ಮತ್ತು ಸ್ಥಿರತೆ ಕಾಯುವುದು ಕೌನ್ಸಿಲ್‌ನ ಕರ್ತವ್ಯ. ಅಧಿಕಾರ ವಿಶಾಲ, ಆದರೆ ಸಾಧ್ಯವಾದಷ್ಟು ಕಡಿಮೆ ಬಳಸಬೇಕು. ಭಾರತದ 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್ ಆಡಿಟ್ ಸಮಿತಿಯಲ್ಲಿ ಸ್ವತಂತ್ರ ನಿರ್ದೇಶಕರೇ ಹೆಚ್ಚಿರಬೇಕು ಎನ್ನುತ್ತದೆ. 139ನೇ ಸೆಕ್ಷನ್ ದೊಡ್ಡ ಕಂಪನಿಗಳಲ್ಲಿ ಆಡಿಟರ್‌ಗಳು ಅವಧಿ ಮುಗಿದ ಮೇಲೆ ಜಾಗ ಬಿಡಬೇಕು ಎನ್ನುತ್ತದೆ. ಸತ್ಯಂ ಹಗರಣ ನೋಡಿದ ನನ್ನ ಪೀಳಿಗೆಗೆ ಆ ಎರಡು ಸೆಕ್ಷನ್‌ಗಳ ಬೆಲೆ ಗೊತ್ತು. ಡೆಬಿಯನ್ ಕೂಡ ತನ್ನ ತಾಂತ್ರಿಕ ಸಮಿತಿಯ ಸದಸ್ಯರಿಗೆ 2014ರ ಕೊನೆಯಲ್ಲಿ ಮತದಾನದ ಮೂಲಕ ಅವಧಿಯ ಮಿತಿ ಹಾಕಿಕೊಂಡಿತು. ಅನುಭವಿಗಳನ್ನು ಕಳಿಸುವುದು ಯಾಕೆ ಎಂದು ಕೇಳುವವರು ಅಲ್ಲಿಯೂ ಇದ್ದಾರು. ಹೊರಗೆ ಹೋದ ಅನುಭವಿ ಸಲಹೆ ಕೊಡಬಹುದು. ಕುರ್ಚಿ ಖಾಲಿಯಾಗದೆ ಹೊಸಬರು ಕೆಲಸ ಕಲಿಯುವುದು ಹೇಗೆ?

ಕೌನ್ಸಿಲ್ ಬಂದದ್ದರಿಂದ ಪೈಥಾನ್‌ನ ಗುಣಮಟ್ಟಕ್ಕೆ ಏನಾಯಿತು? ಎರಡು ಬದಲಾವಣೆ ಹೇಳುತ್ತೇನೆ. ಸುಮಾರು ಹದಿನೆಂಟು ತಿಂಗಳಿಗೊಮ್ಮೆ ಬರುತ್ತಿದ್ದ ಮುಖ್ಯ ರಿಲೀಸ್ 2020ರಿಂದ ಪ್ರತಿ ಅಕ್ಟೋಬರ್‌ಗೆ ನಿಗದಿಯಾಯಿತು. ಮಾರ್ಚ್ 31 ಇದೆ ಎಂದು ಗೊತ್ತಿದ್ದರೆ ಯಾರೂ ವೋಚರ್‌ಗಳನ್ನು ರಾಶಿ ಹಾಕುವುದಿಲ್ಲ, ಅಥವಾ ಕಡಿಮೆ ಹಾಕುತ್ತಾರೆ. ರಿಲೀಸ್ ತಪ್ಪಿದರೆ ಮುಂದಿನ ವರ್ಷ ಇದ್ದೇ ಇದೆ ಎಂದಾದಾಗ ಅರೆಬೆಂದ ಕೆಲಸವನ್ನು ತುರುಕುವ ಅವಸರ ತಗ್ಗುತ್ತದೆ. ಎರಡನೆಯದು, 2021ರಲ್ಲಿ ಪೈಥಾನ್ ಫೌಂಡೇಶನ್ ಪೂರ್ಣಾವಧಿ ಸಂಬಳದ 'ಡೆವಲಪರ್ ಇನ್ ರೆಸಿಡೆನ್ಸ್' ಹುದ್ದೆ ತುಂಬಿತು. ಹೊಸ ಸೌಲಭ್ಯ ಬರೆಯುವುದಕ್ಕಿಂತ, ಬೇರೆಯವರು ಕಳಿಸಿ ಕಾಯುತ್ತಿರುವ ಬದಲಾವಣೆಗಳನ್ನು ನೋಡಿ ಮುಗಿಸುವುದು ಆ ಹುದ್ದೆಯ ದೊಡ್ಡ ಭಾಗ. ಯಾರಿಗೂ ಹೆಸರು ತರದ ಆ ಕೆಲಸಕ್ಕೆ ಮನಸ್ಸು ಮಾಡಿ ಹಣ ಕೊಟ್ಟರು.

ಸಮಿತಿಗಳು ಕೆಡಿಸುವುದೂ ಉಂಟು. ಸಂಘಗಳಲ್ಲಿ ದುಡಿದ ನಿಮಗೆ ನಾನು ಹೇಳಬೇಕಿಲ್ಲ. ಸದಸ್ಯರ ಪಟ್ಟಿ ಉದ್ದ, ಸಭೆಗೆ ಬರುವವರು ಮೂವರು: ಲೆಕ್ಕಕ್ಕುಂಟು, ಆಟಕ್ಕಿಲ್ಲ. ಇಲ್ಲವೇ ತದ್ವಿರುದ್ಧ, ಪ್ರತಿ ಸಾಲಿಗೂ ಅಭಿಪ್ರಾಯ ಹೇಳುತ್ತಾ ಕೆಲಸ ಮಾಡುವವರ ಕೈ ಕಟ್ಟುವುದು. ಇದಕ್ಕೆ ಮದ್ದು ನಮ್ಮ ಕಣ್ಣೆದುರೇ ಇದೆ. ಕೆಡಿಇ ಎಂಬ ಡೆಸ್ಕ್‌ಟಾಪ್ ತಂತ್ರಾಂಶ ನೋಡಿಕೊಳ್ಳುವ ಸಂಸ್ಥೆ 1997ರಲ್ಲಿ ಇಲ್ಲೇ ಜರ್ಮನಿಯಲ್ಲಿ ನೋಂದಾಯಿತವಾದ 'ಫೆರೈನ್', ಇಲ್ಲಿನ ಅನೇಕ ಕನ್ನಡ ಸಂಘಗಳ ಹಾಗೆಯೇ. ಹಣ, ಕಾನೂನು, ಹೆಸರಿನ ಹಕ್ಕು, ಸಮಾವೇಶ ಆ ಸಂಸ್ಥೆಯ ಕೈಯಲ್ಲಿ. ತಾಂತ್ರಿಕ ತೀರ್ಮಾನ ಕೋಡ್ ಬರೆಯುವವರ ಕೈಯಲ್ಲಿ. ನಮ್ಮ ಸಂಘದ ಖಜಾಂಚಿ ಯಕ್ಷಗಾನದ ಪ್ರಸಂಗ ಆರಿಸುವುದಿಲ್ಲ, ಭಾಗವತರು ಬ್ಯಾಂಕ್ ಖಾತೆ ನಡೆಸುವುದಿಲ್ಲ. ಪ್ರತಿ ವರ್ಷ ಮಹಾಸಭೆಯಲ್ಲಿ ಕಾರ್ಯಕಾರಿ ಸಮಿತಿಗೆ ಸೇರದ ಇಬ್ಬರು 'ಕಾಸೆನ್‌ಪ್ರ್ಯೂಫರ್'ಗಳು ಎದ್ದು ನಿಂತು ಲೆಕ್ಕ ಸರಿಯಿದೆ ಎಂದು ಹೇಳುತ್ತಾರಲ್ಲ, ಅಂಥ ಇಬ್ಬರು ಪ್ರತಿ ಓಪನ್ ಸೋರ್ಸ್ ಯೋಜನೆಯ ರಿಲೀಸ್ ಕ್ರಮಕ್ಕೂ ಇರಲಿ ಎನ್ನುವುದು ನನ್ನ ಆಸೆ.

ಈಗ ಇದಕ್ಕೆ ಕಾನೂನಿನ ಕಾರಣವೂ ಇದೆ. ಯುರೋಪಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರ್ 10ರಂದು ಜಾರಿಗೆ ಬಂತು. ದೋಷಗಳನ್ನು ವರದಿ ಮಾಡುವ ಹೊಣೆ 2026ರ ಸೆಪ್ಟೆಂಬರ್ 11ರಿಂದ, ಉಳಿದ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ. ವ್ಯಾಪಾರದಲ್ಲಿ ಬಳಕೆಯಾಗುವ ಓಪನ್ ಸೋರ್ಸ್ ಅನ್ನು ನಿರಂತರವಾಗಿ ಪೋಷಿಸುವ ಫೌಂಡೇಶನ್‌ಗಳಂಥ ಸಂಸ್ಥೆಗಳನ್ನು ಈ ಕಾಯ್ದೆ 'ಸ್ಟೂವರ್ಡ್' ಎಂದು ಕರೆದು, ಬರೆದಿಟ್ಟ ಭದ್ರತಾ ನೀತಿ ಇರಬೇಕು ಎನ್ನುತ್ತದೆ. ಅವರಿಗೆ ದಂಡ ಹಾಕುವುದಿಲ್ಲ. ಆದರೆ ಆ ಕೋಡ್ ಬಳಸಿ ಸರಕು ಮಾರುವ ನಮ್ಮ ನಿಮ್ಮ ಕಂಪನಿಗಳಿಗೆ ದಂಡ ಉಂಟು. ನಾಳೆ ನಿಮ್ಮ ಮ್ಯಾನೇಜರ್ "ಈ ಲೈಬ್ರರಿಯ ಹಿಂದೆ ಯಾರಿದ್ದಾರೆ" ಎಂದು ಕೇಳಿದಾಗ, ಒಬ್ಬರ ಹೆಸರು ಹೇಳಿ ಸುಮ್ಮನಾಗುವ ಹಾಗಿಲ್ಲ.

ಹಾಗಾದರೆ ಸೋಮವಾರದಿಂದ ಏನು ಮಾಡಬೇಕು? ಮೂರು ತಿಂಗಳಿಗೊಮ್ಮೆ ಸಮಿತಿ ಐದು ಪ್ರಶ್ನೆ ಕೇಳಿಕೊಂಡು ಉತ್ತರವನ್ನು ನಡಾವಳಿಯಲ್ಲಿ ಬರೆಯಲಿ.

ಒಂದು, ಒಬ್ಬರಿಂದ ಮಾತ್ರ ಆಗುವ ಕೆಲಸಗಳು ಯಾವುವು? ರಿಲೀಸ್ ಕೀಲಿ, ಡೊಮೇನ್, ಸರ್ವರ್, ಬ್ಯಾಂಕ್ ಖಾತೆ, ಎಲ್ಲದರ ಪಟ್ಟಿ ಮಾಡಿ.

ಎರಡು, ಬರೆದವರೇ ಒಪ್ಪಿಕೊಂಡ ಬದಲಾವಣೆಗಳು ಎಷ್ಟು?

ಮೂರು, ಪರಿಶೀಲನೆಗೆ ಕಾದಿರುವ ಬದಲಾವಣೆಗಳ ವಯಸ್ಸೆಷ್ಟು? ನಾವು ಬಾಕಿದಾರರನ್ನು 30 ದಿನ, 90 ದಿನ, 180 ದಿನ ಎಂದು ವಿಂಗಡಿಸುವ ಹಾಗೆ ವಿಂಗಡಿಸಿ. ಒಟ್ಟು ಸಂಖ್ಯೆಗಿಂತ ಆ ಕೊನೆಯ ಕಾಲಂ ಹೆಚ್ಚು ಮಾತಾಡುತ್ತದೆ.

ನಾಲ್ಕು, ಇವತ್ತು ರಾತ್ರಿ ಭದ್ರತಾ ದೂರು ಬಂದರೆ ಯಾರು ತೆರೆಯುತ್ತಾರೆ? ಅವರು ಊರಲ್ಲಿ ಇಲ್ಲದಿದ್ದರೆ?

ಐದು, ಯಾರು ದಣಿದಿದ್ದಾರೆ? ಇದನ್ನು ಅವರ ಬೆನ್ನ ಹಿಂದೆ ಅಲ್ಲ, ಅವರನ್ನೇ ಕೇಳಿ.

ನಾನು ಲೆಕ್ಕ ನೋಡುವ ಸಮುದಾಯದಲ್ಲಿ ಮೊದಲ ಪಟ್ಟಿ ಮಾಡಿದಾಗ ರಿಲೀಸ್ ಕೀಲಿ ಒಬ್ಬರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವುದು ಕಾಗದದ ಮೇಲೆ ಬಂತು. ಅವರಿಗೆ ಬೇಸರವಾಗಬಹುದು ಎಂದು ಕೆಲವರು ಹಿಂಜರಿದರು. ಇನ್ನಿಬ್ಬರಿಗೆ ಕೆಲಸ ಕಲಿಸಿ ಅಧಿಕಾರ ಹಂಚಲು ನಾಲ್ಕು ತಿಂಗಳು ಹಿಡಿಯಿತು. ಮುಗಿದ ದಿನ ಅವರು ಹೇಳಿದ್ದು ಇಷ್ಟು: "ಹನ್ನೊಂದು ವರ್ಷದಿಂದ ರಜೆಗೆ ಹೋದರೂ ಈ ಲ್ಯಾಪ್‌ಟಾಪ್ ಹೊತ್ತೇ ಹೋಗುತ್ತಿದ್ದೆ. ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ." ನಿಯಂತ್ರಣ ಎಂದರೆ ಅನುಮಾನ ಎಂದು ತಿಳಿಯುವವರಿಗೆ ಈ ಮಾತನ್ನು ನಾನು ಹೇಳುತ್ತಿರುತ್ತೇನೆ.

ಕೊನೆಯದಾಗಿ ಒಂದು ವಿನಂತಿ. ನಮ್ಮ ಕನ್ನಡದ ಕೀಬೋರ್ಡ್, ಅಕ್ಷರಶೈಲಿ, ಅನುವಾದದ ಯೋಜನೆಗಳಲ್ಲಿ ದುಡಿಯುವವರು ಬೆರಳೆಣಿಕೆಯಷ್ಟು. ಅಂಥ ಯೋಜನೆಗೆ ಸ್ಟೀರಿಂಗ್ ಕೌನ್ಸಿಲ್ ಬೇಕಿಲ್ಲ, ಇನ್ನೊಬ್ಬರು ಬೇಕು. ನೀವು ಬಳಸುವ ಒಂದು ಯೋಜನೆಯನ್ನು ಆರಿಸಿ, ಅದನ್ನು ನಡೆಸುವವರಿಗೆ ಪತ್ರ ಬರೆದು "ನಿಮ್ಮ ಯಾವ ಕೆಲಸಕ್ಕೆ ಎರಡನೆಯವರು ಇಲ್ಲ" ಎಂದು ಕೇಳಿ. ಕೋಡ್ ಬರದವರೂ ಹಿಂಜರಿಯಬೇಡಿ. ನಡಾವಳಿ ಬರೆಯುವವರು, ಲೆಕ್ಕ ಇಡುವವರು, ನಿಯಮಾವಳಿ ಓದುವವರು ಅಲ್ಲಿ ಯಾವಾಗಲೂ ಕಡಿಮೆ. ನನಗೆ ಜಾಗ ಸಿಕ್ಕಿದೆ, ನಿಮಗೂ ಸಿಗುತ್ತದೆ.

 ಪ್ರಶ್ನೆಗಳಿದ್ದರೆ ಊಟಕ್ಕೆ ಮೊದಲೇ ಕೇಳಿಬಿಡಿ. ಬಿಸಿಬೇಳೆಬಾತ್ ಆರುವ ಮುನ್ನ ಉತ್ತರಿಸುತ್ತೇನೆ.